ಅಂಪೈರ್ ಇಲ್ಲದ ಆಟ

ಖಾನಾಪುರ
೧೧ ಆಗಸ್ಟ್ ೨೦೨೫

ಪೂರ್ಣಿಮಾ,

ಕ್ಷೇಮ ಸಮಾಚಾರ ಕೇಳುವ ಮನಸ್ಸಿಲ್ಲ, ಅದಕ್ಕೇ ಕೇಳುತ್ತಿಲ್ಲ. ನೀನು ಕ್ಷೇಮವಾಗಿದ್ದೀಯ ಅನ್ನುವುದನ್ನು ಪೇಪರಿನಲ್ಲೇ ನೋಡಿದೆ. ತಲೆಗೆ ಪೇಟ, ಹೆಗಲಿಗೆ ಶಾಲು, ಕೈಯಲ್ಲಿ ಕಪ್ಪು, ಪಕ್ಕದಲ್ಲಿ ಹಲ್ಲು ಕಿರಿಯುತ್ತ ನಿಂತ ನಮ್ಮ ಕ್ರೀಡಾ ನಿರ್ದೇಶಕ ಚನ್ನಬಸಯ್ಯ ಸರ್. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ, ವಿಶ್ವವಿದ್ಯಾಲಯದ ಫ್ರಿಸ್ಬಿ ತಂಡ ಚಾಂಪಿಯನ್ ಅಂತ.

ಯಾವಾಗ ಆದೆವು? ಮೇ ತಿಂಗಳಲ್ಲಿ ಪುಣೆಗೆ ಹೋದಾಗ ನಾನೂ ಇದ್ದೆನಲ್ಲ. ಕ್ಯಾಪ್ಟನ್ ನಾನೇ ಇದ್ದೆ. ಆಡಿದ ಪಂದ್ಯಗಳನ್ನೆಲ್ಲ ಸೋತು ಕಟ್ಟಕಡೆಯ ಸ್ಥಾನಕ್ಕೆ ಬಂದೆವು. ಬರುವಾಗ ಬಸ್ಸಿನಲ್ಲಿ ವಿನಯ ಹಾಡು ಹೇಳಿ ಎಲ್ಲರನ್ನೂ ನಗಿಸಿದ್ದು ಗೆದ್ದ ಖುಷಿಗಲ್ಲ, ಅಳು ಬರಬಾರದು ಅಂತ.

ಪೇಪರ್ ತಂದವನು ನಮ್ಮಣ್ಣ ಬೀರೇಶ. ಉದ್ಯಮಬಾಗದ ಫೌಂಡ್ರಿಯಲ್ಲಿ ಯಾರೋ ತೋರಿಸಿದರಂತೆ. ಅವ್ವನಿಗೆ ಓದಿ ಹೇಳಿದ. ಅವಳು ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, ಗೆದ್ದು ಬಂದವಳು ಮನೆಯಲ್ಲಿ ಯಾಕೆ ಹೇಳಲಿಲ್ಲ ಅಂತ ಕೇಳಿದಳು. ಗೆದ್ದಿಲ್ಲ ಅಂದೆ. "ಹಂಗಾರ ಪೇಪರದವ್ರು ಸುಳ್ಳ ಬರದಾರೇನು?" ಅಂದಳು. ಅವಳಿಗೆ ಮೊದಲಿನಿಂದ ಬಿಡಿಸಿ ಹೇಳಬೇಕಾಯಿತು. ಅವಳಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ, ಪೇಟದ ಭಾರಕ್ಕೆ ನಿನಗೆ ಮರೆತಿದ್ದರೂ ಮರೆತಿರಬಹುದು. ಇದು ತಾಟು ಒಗೆಯುವ ಆಟ. ಎರಡೂ ಕಡೆ ಏಳೇಳು ಜನ, ಹುಡುಗರೂ ಹುಡುಗಿಯರೂ ಕೂಡಿಯೇ ಆಡುವುದು. ತಾಟು ಕೈಯಲ್ಲಿದ್ದಾಗ ಓಡುವಂತಿಲ್ಲ, ಇನ್ನೊಬ್ಬರಿಗೆ ಒಗೆಯಬೇಕು. ಆಚೆ ತುದಿಯ ಅಂಕಣದೊಳಗೆ ನಮ್ಮವರು ಹಿಡಿದರೆ ನಮಗೊಂದು ಪಾಯಿಂಟ್. ಅಂಪೈರ್ ಇರುವುದಿಲ್ಲ. ತಪ್ಪು ಮಾಡಿದವರೇ ತಪ್ಪಾಯಿತು ಅನ್ನಬೇಕು. ಪಂದ್ಯ ಮುಗಿದ ಮೇಲೆ ಎರಡೂ ತಂಡದವರು ಹೆಗಲ ಮೇಲೆ ಕೈಹಾಕಿ ಒಂದೇ ಸುತ್ತಾಗಿ ನಿಂತು, ಎದುರಿನವರು ಎಷ್ಟು ಪ್ರಾಮಾಣಿಕವಾಗಿ ಆಡಿದರು ಅಂತ ಮಾತಾಡಿ ಮಾರ್ಕು ಕೊಡುತ್ತಾರೆ. ಆ ಮಾರ್ಕು ನಮಗೆ ಎಲ್ಲರಿಗಿಂತ ಹೆಚ್ಚು ಬಂತು, ಸ್ಪಿರಿಟ್ ಕಪ್ಪು ಕೊಟ್ಟರು. ಸುಳ್ಳು ಹೇಳದೆ ಸೋತದ್ದಕ್ಕೆ ಕೊಟ್ಟ ಕಪ್ಪು ಅದು.

ಆ ಕಪ್ಪನ್ನೇ ಎತ್ತಿ ಹಿಡಿದು ಸುಳ್ಳು ಹೇಳಿದ್ದೀರಿ. ಸುಳ್ಳು ಹೇಳಲು ಬೆಳಗಾವಿಯಲ್ಲಿ ಬೇರೆ ಕಪ್ಪು ಸಿಗಲಿಲ್ಲವೇ?

ನಿನ್ನ ನಂಬರ್ ಬ್ಲಾಕ್ ಮಾಡಿದ್ದೇನೆ. ನೀನು ಫೋನಿನಲ್ಲಿ ಮಾತಾಡಲು ಶುರುಮಾಡಿದರೆ ನನಗೆ ನಗು ಬರುತ್ತದೆ, ಸಿಟ್ಟು ಇಳಿದುಬಿಡುತ್ತದೆ. ಈ ಸಿಟ್ಟು ಇಳಿಯಬಾರದು. ಹೇಳುವುದಿದ್ದರೆ ಬರೆದು ಅಣ್ಣನ ಕೈಯಲ್ಲಿ ಕೊಡು. ಅವನು ದಿನಾ ಸಂಜೆ ಉದ್ಯಮಬಾಗದ ಸ್ಟಾಪಿನಲ್ಲಿ ಖಾನಾಪುರದ ಬಸ್ಸಿಗೆ ಕಾಯುತ್ತಿರುತ್ತಾನೆ.

ಪ್ರಮಿಳಾ


ಸದಾಶಿವನಗರ, ಬೆಳಗಾವಿ
೧೬ ಆಗಸ್ಟ್ ೨೦೨೫

ಪ್ರಮಿಳಾ,

ನಿಮ್ಮಣ್ಣ ನನ್ನನ್ನು ನೋಡಿ ನಕ್ಕುಬಿಟ್ಟರು. "ಇಬ್ಬರ ಕೈಯಾಗೂ ಇಷ್ಟಿಷ್ಟ ದೊಡ್ಡ ಫೋನ್ ಅದಾವು, ಪೋಸ್ಟಮನ್ ನಾ ಆಗೇನಿ" ಅಂದರು. ಅವರಿಗಾದರೂ ನನ್ನನ್ನು ನೋಡಿದರೆ ನಗು ಬರುತ್ತದಲ್ಲ, ಸಂತೋಷ.

ಮೊದಲು ಒಂದು ಮಾತು. ಚಾಂಪಿಯನ್ ಅಂತ ನಾನು ಎಲ್ಲಿಯೂ ಹೇಳಿಲ್ಲ. ಕಪ್ಪನ್ನು ಕ್ಲಬ್ಬಿನ ಕಪಾಟಿನಲ್ಲಿ ಇಟ್ಟಿದ್ದೆ. ಸರ್ ಬಂದು ನೋಡಿದರು, ಇದು ಯಾವುದು ಅಂದರು. ಸ್ಪಿರಿಟ್ ಕಪ್ಪು ಸರ್, ಪ್ರಾಮಾಣಿಕತೆಗೆ ಕೊಟ್ಟದ್ದು, ಪಂದ್ಯ ಸೋತೆವು ಅಂದೆ. "ಕಪ್ ಬಂದೈತಿಲ್ಲ? ಆತು ಮತ್ತ. ಜನಕ್ಕ ಅಷ್ಟೆಲ್ಲಾ ಬಿಡಿಸಿ ಯಾರ ಹೇಳ್ತಾರ?" ಅಂದರು. ಮುಂದಿನದೆಲ್ಲ ಅವರದೇ. ನನಗೆ ಗೊತ್ತಾದದ್ದು ವೇದಿಕೆಯ ಹಿಂದೆ ಬ್ಯಾನರ್ ಓದಿದಾಗ. ಆಗ ತಲೆಯ ಮೇಲೆ ಪೇಟ ಬಂದಾಗಿತ್ತು.

ಕಿತ್ತು ಒಗೆಯಬೇಕಿತ್ತು ಅನ್ನುತ್ತೀ. ಅದೇ ವೇದಿಕೆಯಲ್ಲಿ ಸರ್ ಏನು ಘೋಷಿಸಿದರು ಅಂತ ನಿನ್ನ ಪೇಪರಿನವರು ಬರೆದಿಲ್ಲ. ಹಾಸ್ಟೆಲ್ ಹಿಂದಿನ ಗ್ರೌಂಡು ದಿನಾ ಸಂಜೆ ನಮಗೆ. ಹೊರಗಿನ ಟೂರ್ನಿಗೆ ಹುಡುಗಿಯರನ್ನು ಕರೆದುಕೊಂಡು ಹೋಗಲು ವಿಶ್ವವಿದ್ಯಾಲಯದ ಪರವಾನಗಿ. ಅದಕ್ಕಾಗಿ ಎಷ್ಟು ಅರ್ಜಿ ಕೊಟ್ಟಿದ್ದೇವೆ, ಎಷ್ಟು ಸಲ ಕ್ರಿಕೆಟ್ಟಿನವರು ನಮ್ಮ ಗಡಿ ಗುರುತಿನ ಕೋನ್‌ಗಳನ್ನು ಒದ್ದು ಹೊರಗೆ ಹಾಕಿದ್ದಾರೆ, ನೀನು ಮರೆತಿದ್ದೀಯ. ಮಚ್ಛೆ ಊರಿನ ಸಮೃದ್ಧಿ ಇದ್ದಾಳಲ್ಲ, ಬಿ.ಕಾಂ. ಎರಡನೇ ವರ್ಷದವಳು, ಪುಣೆಯ ಪಂದ್ಯ ಮುಗಿಸಿ ಬಂದ ಮೇಲೆ ಅವಳ ಅಪ್ಪ ಲಕ್ಷ್ಮಣ ಕಾಕಾ ಆಟ ಬಿಡಿಸಿಬಿಟ್ಟಿದ್ದರು. ಚಡ್ಡಿ ಹಾಕಿಕೊಂಡು ಗಂಡುಹುಡುಗರ ಜೊತೆ ಅದೆಂಥ ಆಟ ಅಂತ. ಪೇಪರಿನಲ್ಲಿ ಫೋಟೋ ನೋಡಿದ ಮರುದಿನ ಅವರೇ ಬೈಕಿನಲ್ಲಿ ತಂದು ಬಿಟ್ಟು ಹೋದರು.

ಈಗ ಹೇಳು. ಈ ಸುಳ್ಳಿನಿಂದ ಯಾರ ಮನೆ ಹಾಳಾಯಿತು? ಗಾಳಿ ಬಂದಾಗ ತೂರಿಕೊಂಡೆ. ನೀನು ಬಿ.ಪಿ.ಇಡಿ. ಟ್ರೈನಿಂಗ್ ಅಂತ ಖಾನಾಪುರದ ಸಾಲಿಯಲ್ಲಿ ಕೂತು ಮಕ್ಕಳಿಗೆ ಕವಾಯತು ಮಾಡಿಸುತ್ತಿದ್ದೀ. ಇಲ್ಲಿ ಕ್ಲಬ್ಬು ನಡೆಸುವವಳು ನಾನು. ದಡದ ಮೇಲೆ ನಿಂತವರಿಗೆ ಈಜು ಬಹಳ ಸುಲಭ.

ಪೂರ್ಣಿಮಾ


ಖಾನಾಪುರ
೨೨ ಆಗಸ್ಟ್ ೨೦೨೫

ಪೂರ್ಣಿಮಾ,

ಯಾರ ಮನೆ ಹಾಳಾಯಿತು ಅಂತ ಕೇಳಿದ್ದೀ. ಕೊಲ್ಹಾಪುರದವರು ನಿಜವಾಗಿ ಗೆದ್ದರು. ಅವರ ಕ್ಯಾಪ್ಟನ್ ಸೃಷ್ಟಿ ಕಾಲಿಗೆ ಪಟ್ಟಿ ಕಟ್ಟಿಕೊಂಡು ಫೈನಲ್ ಆಡಿದಳು. ಅವರ ಗೆಲುವಿಗೆ ನಮ್ಮ ಹೆಸರು ಬರೆಸಿ ಸರ್ ಬ್ಯಾನರ್ ಹಾಕಿಸಿದರಲ್ಲ, ಅದಕ್ಕೆ ಏನನ್ನಬೇಕು?

ಆದರೆ ನನ್ನ ಸಿಟ್ಟು ಸರ್ ಮೇಲಲ್ಲ. ಅವರಿಗೆ ಈ ಆಟ ಗೊತ್ತಿಲ್ಲ. ನಿನಗೆ ಗೊತ್ತು. ಪುಣೆಯ ಕೊನೆಯ ಪಂದ್ಯ ನೆನಪಿದೆಯೇ? ಎರಡೂ ಕಡೆ ಪಾಯಿಂಟ್ ಸಮ ಆಗಿತ್ತು. ವಿನಯ ಒಗೆದ ತಾಟನ್ನು ನಾನು ಹಾರಿ ಹಿಡಿದೆ. ಅದೊಂದು ಪಾಯಿಂಟ್ ಬಂದಿದ್ದರೆ ಇಡೀ ಟೂರ್ನಿಯಲ್ಲಿ ಒಂದಾದರೂ ಪಂದ್ಯ ಗೆದ್ದಿರುತ್ತಿದ್ದೆವು. ಹಾರಿದವಳಿಗೆ ಕಾಲು ಎಲ್ಲಿ ಬಿತ್ತು ಅನ್ನುವುದು ತಿಳಿಯಲಿಲ್ಲ. ಎದುರಿನವರಿಗೂ ಕಾಣಲಿಲ್ಲ. ನೀನು ಗೆರೆಯ ಹತ್ತಿರವೇ ನಿಂತಿದ್ದೆ. ಒಳಗಿತ್ತೇ ಅಂತ ನಿನ್ನನ್ನು ಕೇಳಿದೆ. ನಮ್ಮ ತಂಡವೆಲ್ಲ ನಿನ್ನ ಬಾಯಿ ನೋಡುತ್ತಿತ್ತು. "ಇಲ್ಲ ಪ್ರಮಿಳಾ, ಹೊರಗಿತ್ತು" ಅಂದೆ.

ವಿನಯ ನೆಲಕ್ಕೆ ಕೂತುಬಿಟ್ಟ. ಉಳಿದವರು ನಿನ್ನಿಂದ ದೂರ ಸರಿದರು. ನನಗೆ ಮಾತ್ರ ಓಡಿ ಬಂದು ನಿನ್ನನ್ನು ಎತ್ತಿಕೊಳ್ಳಬೇಕು ಅನ್ನಿಸಿತ್ತು. ಎದುರಿನವರು ಸುತ್ತಿನಲ್ಲಿ ನಿಂತಾಗ ನಿನ್ನ ಹೆಸರನ್ನೇ ಹಿಡಿದು ಹೇಳಿ ಪೂರ್ತಿ ಮಾರ್ಕು ಕೊಟ್ಟರು. ಆ ಕಪ್ಪು ಬಂದದ್ದು ನಿನ್ನ ಆ ಒಂದು ಮಾತಿನಿಂದ. ಬೇರೆ ಯಾರಾದರೂ ಪೇಟ ಸುತ್ತಿಸಿಕೊಂಡಿದ್ದರೆ ಥೂ ಅಂತ ಉಗಿದು ಸುಮ್ಮನಾಗುತ್ತಿದ್ದೆ. ನೀನು ಸುತ್ತಿಸಿಕೊಂಡದ್ದು ಮೈ ಉರಿಯುವ ಹಾಗೆ ಮಾಡಿದೆ.

ಸರ್ ಹತ್ತಿರ ಹೋಗು. ತಪ್ಪು ಸುದ್ದಿ ಹೋಗಿದೆ, ತಿದ್ದಿ ಅಂತ ಹೇಳು. ಗ್ರೌಂಡು ಹೋದರೆ ಹೋಗಲಿ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೆ ಒಂದು ದಿನ ಪೆಟ್ಟು ಬಿದ್ದೇ ಬೀಳುತ್ತದೆ.

ಪ್ರಮಿಳಾ


ಸದಾಶಿವನಗರ, ಬೆಳಗಾವಿ
೧೮ ಸೆಪ್ಟೆಂಬರ್ ೨೦೨೫

ಪ್ರಮಿಳಾ,

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದನ್ನು ಏನೂ ಮಾಡಿರಲಿಲ್ಲ, ಅದಕ್ಕೆ. ಸರ್ ಕೋಣೆಯ ಬಾಗಿಲ ತನಕ ಹೋದೆ. ಒಳಗೆ ಸಮೃದ್ಧಿ ಮತ್ತು ಇನ್ನಿಬ್ಬರು ಹುಡುಗಿಯರು ಹೊಸ ಜರ್ಸಿಯ ಅಳತೆ ಕೊಡುತ್ತಿದ್ದರು. ತಿರುಗಿ ಬಂದೆ. ಬೈಯುವುದಿದ್ದರೆ ಬೈದುಕೋ.

ಈಗ ಹೊಸದೊಂದು ಬಂದು ಕೂತಿದೆ. ಅಕ್ಟೋಬರ್ ಮೊದಲ ವಾರ ವಿಶ್ವವಿದ್ಯಾಲಯಕ್ಕೆ ದೊಡ್ಡ ದೊಡ್ಡ ಅತಿಥಿಗಳು ಬರುತ್ತಾರಂತೆ. ಅವರೆದುರು ಚಾಂಪಿಯನ್ ತಂಡದ ಪ್ರದರ್ಶನ ಪಂದ್ಯ ಆಗಬೇಕು, ನಾವೇ ಗೆಲ್ಲಬೇಕು. ಅದಕ್ಕೆ ಸರ್ ಒಂದು ಉಪಾಯ ಮಾಡಿದ್ದಾರೆ, ಅಂಪೈರ್ ಇಡುತ್ತಾರಂತೆ. ನಮ್ಮಲ್ಲಿ ಅಂಪೈರ್ ಇಲ್ಲ ಸರ್ ಅಂದೆ. "ಅಂಪೈರ್ ಇಲ್ಲದ್ದು ಆಟ ಅಲ್ಲವ್ವಾ, ಹುಡುಗಾಟ" ಅಂದರು. ಸೀಟಿ ಹಿಡಿದು ತಾವೇ ನಿಲ್ಲುತ್ತಾರೆ. ಯಾರ ಪಾಯಿಂಟ್ ಅಂತ ಅವರೇ ಹೇಳುತ್ತಾರೆ.

ಎದುರಾಳಿ ಯಾರು ಗೊತ್ತೇ? ಕೊಲ್ಹಾಪುರದ ಸೃಷ್ಟಿಯ ತಂಡ. ಹತ್ತಿರದ ಊರು, ಬೆಳಿಗ್ಗೆ ಬಂದು ಸಂಜೆ ಹೋಗುತ್ತಾರೆ, ಅದನ್ನೊಂದೇ ಸರ್ ನೋಡಿದ್ದು. ಪುಣೆಯಲ್ಲಿ ಗೆದ್ದವರು ಯಾರು ಅಂತ ಇವತ್ತಿನವರೆಗೂ ಅವರು ಕೇಳಿಲ್ಲ. ನಿಜವಾದ ಚಾಂಪಿಯನ್ನರನ್ನು ಕರೆಸಿ ಸುಳ್ಳು ಚಾಂಪಿಯನ್ನರಿಂದ ಸೋಲಿಸಲು ಹೊರಟಿದ್ದಾರೆ. ಆಮಂತ್ರಣ ಟೈಪ್ ಮಾಡಿದವಳು ನಾನೇ. ಮಾಡುತ್ತ ಮಾಡುತ್ತ ನಗು ಬಂತು, ಆಮೇಲೆ ನಿನಗೆ ಬರೆಯಲು ಕೂತೆ.

ನೀನು ಬರಬೇಕು. ಕ್ಯಾಪ್ಟನ್ ನೀನು. ನಾನೊಬ್ಬಳೇ ಆ ಸೀಟಿಯ ಎದುರು ನಿಲ್ಲಲಾರೆ.

ಪೂರ್ಣಿಮಾ


ಖಾನಾಪುರ
೨೧ ಸೆಪ್ಟೆಂಬರ್ ೨೦೨೫

ಪೂರ್ಣಿಮಾ,

ಬರುವುದಿಲ್ಲ.

ಸೀಟಿ ಊದಿದರೆ ನಿಲ್ಲುವ ಕೆಲಸವನ್ನು ಇಲ್ಲಿ ಮಕ್ಕಳಿಗೆ ದಿನವೂ ಕಲಿಸುತ್ತೇನೆ. ಸಂಜೆ ಮಾತ್ರ ಅದೇ ಮಕ್ಕಳಿಗೆ ತಾಟು ಕೊಡುತ್ತೇನೆ. ಅರ್ಧ ಮಕ್ಕಳು ಮರಾಠಿಯಲ್ಲಿ ಎಣಿಸುತ್ತಾರೆ, ಅರ್ಧ ಕನ್ನಡದಲ್ಲಿ ಎಣಿಸುತ್ತಾರೆ. ಹತ್ತು ಎಣಿಸುವುದರೊಳಗೆ ಒಗೆಯದಿದ್ದರೆ ತಾಟು ಎದುರಿನವರಿಗೆ ಕೊಡಬೇಕಲ್ಲ, ಅದನ್ನು ನಾನು ಹೇಳುವ ಮೊದಲೇ ಅವರೇ ಇಟ್ಟು ಹಿಂದೆ ಸರಿಯುತ್ತಾರೆ. ಅವರನ್ನು ನೋಡಿ ಬಂದು ನಿಮ್ಮ ನಾಟಕದಲ್ಲಿ ನಾನು ಪಾತ್ರ ಮಾಡಲೇ?

ಎದುರು ನಿಲ್ಲಲಾರೆ ಅನ್ನುವವಳು ಪೇಟ ಹಾಕಿಸಿಕೊಂಡು ಹೇಗೆ ನಿಂತೆ? ಮಾಡಿದ್ದುಣ್ಣೋ ಮಹಾರಾಯ.

ಪ್ರಮಿಳಾ


ಸದಾಶಿವನಗರ, ಬೆಳಗಾವಿ
೯ ಅಕ್ಟೋಬರ್ ೨೦೨೫

ಪ್ರಮಿಳಾ,

ನೀನು ಬರಲಿಲ್ಲ. ಆದದ್ದನ್ನು ಬೇರೆಯವರ ಬಾಯಿಂದ ನೀನು ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಶಾಮಿಯಾನಾ ಹಾಕಿದ್ದರು. ಅತಿಥಿಗಳು ಮುಂದಿನ ಸಾಲಿನಲ್ಲಿ, ಅವರ ಹಿಂದೆ ನಮ್ಮವರ ಅಪ್ಪ ಅಮ್ಮಂದಿರು. ಕೆಲಸಕ್ಕೆ ರಜೆ ಹಾಕಿ ಲಕ್ಷ್ಮಣ ಕಾಕಾ ಕೂಡ ಬಂದಿದ್ದರು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು. ಸೃಷ್ಟಿ ಬಸ್ಸಿನಿಂದ ಇಳಿದವಳೇ ಬ್ಯಾನರ್ ನೋಡಿದಳು. ಅವಳಿಗೆ ಕನ್ನಡ ಓದಲು ಬಾರದು, ಆದರೆ ಚಾಂಪಿಯನ್ ಅನ್ನುವುದನ್ನು ಇಂಗ್ಲಿಷಿನಲ್ಲೂ ಬರೆಸಿದ್ದರು. ನನ್ನ ಮುಖ ನೋಡಿದಳು. ಬೂಟಿನ ಲೇಸು ಕಟ್ಟಲು ಕೂತಳು. ಕೇಳಿದ್ದರೆ ಚೆನ್ನಾಗಿತ್ತು.

ಆಟ ಶುರುವಾಯಿತು. ಸರ್ ಸೀಟಿ ಊದುತ್ತಲೇ ಇದ್ದರು. ಯಾವುದಕ್ಕೆ ಊದುತ್ತಾರೆ ಅನ್ನುವುದು ನಮಗೂ ಗೊತ್ತಾಗಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ನಾವು ಎರಡು ಪಾಯಿಂಟ್ ಹಿಂದೆ ಇದ್ದಾಗ ವಿನಯ ಉದ್ದಕ್ಕೆ ಒಗೆದ, ಸಮೃದ್ಧಿ ಮುಂದಕ್ಕೆ ಹಾರಿ ಅಂಕಣದೊಳಗೆ ಬಿದ್ದಳು, ತಾಟು ಕೈಯಲ್ಲಿತ್ತು. ಸರ್ ಜೋರಾಗಿ ಸೀಟಿ ಊದಿ ಕೈ ಎತ್ತಿದರು. ಜನ ಚಪ್ಪಾಳೆ ಹೊಡೆದರು. ಲಕ್ಷ್ಮಣ ಕಾಕಾ ಎದ್ದು ನಿಂತಿದ್ದರು.

ಸಮೃದ್ಧಿ ಮೊಣಕಾಲ ಮಣ್ಣು ಕೂಡ ಒರೆಸಿಕೊಳ್ಳಲಿಲ್ಲ. "ತಾಟು ನೆಲಾ ಮುಟ್ಟಿದ ಮ್ಯಾಲೆ ಹಿಡದೀನ್ರಿ ಸರ್. ಪಾಯಿಂಟ್ ಅಲ್ಲ" ಅಂದಳು. ಸುಮ್ಮನೆ ಆಡು ಅಂತ ಸರ್ ಹಲ್ಲು ಕಚ್ಚಿ ಹೇಳಿದರು. ಅವಳು ತಾಟನ್ನು ನೆಲದ ಮೇಲೆ ಇಟ್ಟು ಹಿಂದೆ ಸರಿದಳು. ಸೃಷ್ಟಿ ಬಂದು ಎತ್ತಿಕೊಂಡು ಆಟ ಮುಂದುವರಿಸಿದಳು. ಆಮೇಲೆ ಸರ್ ಎಷ್ಟು ಊದಿದರೂ ಎರಡೂ ತಂಡದಲ್ಲಿ ಯಾರೂ ನಿಲ್ಲಲಿಲ್ಲ. ನಮ್ಮ ತಪ್ಪು ನಾವೇ ಹೇಳಿಕೊಂಡೆವು, ಅವರದು ಅವರು ಹೇಳಿಕೊಂಡರು. ಮದುವೆ ಮನೆಯಲ್ಲಿ ಕರೆಂಟು ಹೋದಾಗ ಬ್ಯಾಂಡಿನವನೊಬ್ಬ ತನ್ನಷ್ಟಕ್ಕೆ ಊದುತ್ತಾನಲ್ಲ, ಹಾಗಾಯಿತು ಅವರ ಗತಿ. ನಾವು ಸೋತೆವು. ಪುಣೆಯಲ್ಲಿ ಸೋತಷ್ಟು ಕೆಟ್ಟದಾಗಿ ಅಲ್ಲ.

ಸರ್ ಮೈಕು ಹಿಡಿದು, ನಮ್ಮ ಚಾಂಪಿಯನ್ನರ ಹೃದಯ ದೊಡ್ಡದು, ಅತಿಥಿ ತಂಡಕ್ಕೆ ಬೇಕೆಂದೇ ಬಿಟ್ಟುಕೊಟ್ಟರು ಅಂದರು. ಬೇಕೆಂದೇ. ಆ ಮಾತಿಗೆ ನನ್ನ ನೆತ್ತಿಗೆ ಬೆಂಕಿ ಹತ್ತಿತು. ಹೋಗಿ ಮೈಕು ಕೈಗೆ ತೆಗೆದುಕೊಂಡೆ. "ನಾವು ಚಾಂಪಿಯನ್ ಅಲ್ಲರಿ. ಪುಣೆಯಾಗ ಗೆದ್ದವ್ರು ಇಲ್ಲಿ ನಿಂತಾರ ನೋಡ್ರಿ, ಇವರು. ನಾವು ಕಟ್ಟಕಡೇಕ ಬಂದಿದ್ವಿ. ಪೇಪರದಾಗ ಬಂದಿದ್ದು ಖರೇ ಅಲ್ಲ, ಗೊತ್ತಿದ್ದೂ ನಾ ಸುಮ್ನ ಕುಂತಿದ್ದೆ." ಇಷ್ಟೇ ಹೇಳಿದ್ದು. ಮೈಕು ಅಲ್ಲೇ ಇಟ್ಟು ಬಂದೆ.

ಮರುದಿನ ಬೆಳಿಗ್ಗೆ ನೋಟೀಸು ಬಂತು. ಅಶಿಸ್ತಿನ ಕಾರಣಕ್ಕೆ ಕ್ಲಬ್ಬು ರದ್ದು, ಗ್ರೌಂಡು ಬಂದ್. ಕ್ರಿಕೆಟ್ಟಿನವರು ಆಗಲೇ ಪಿಚ್ ಅಳೆಯುತ್ತಿದ್ದಾರೆ. ನೀನು ಹೇಳಿದ್ದೆಲ್ಲ ಆಯಿತಲ್ಲ, ತೃಪ್ತಿಯೇ?

ಪೂರ್ಣಿಮಾ


ಖಾನಾಪುರ
೧೨ ಅಕ್ಟೋಬರ್ ೨೦೨೫

ಪ್ರೀತಿಯ ಪೂರ್ಣೀ,

ತೃಪ್ತಿ. ಹೊಟ್ಟೆ ತುಂಬ ತೃಪ್ತಿ. ನಿನ್ನ ಪತ್ರವನ್ನು ಅಣ್ಣನಿಗೆ, ಅವ್ವನಿಗೆ, ಸಾಲಿಯ ಸ್ಟಾಫ್ ರೂಮಿನಲ್ಲಿ ನೇತ್ರಾ ಟೀಚರಿಗೆ, ಎಲ್ಲರಿಗೂ ಓದಿ ಹೇಳಿದೆ. ಅವ್ವ ಬ್ಯಾಂಡಿನವನ ಮಾತಿಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಗ್ರೌಂಡಿಗಾಗಿ ಅಳಬೇಡ. ಅಶಿಸ್ತಂತೆ. ಸೀಟಿ ಇಲ್ಲದೆಯೂ ತಪ್ಪು ಒಪ್ಪಿಕೊಳ್ಳುವ ಹುಡುಗಿಗಿಂತ ಹೆಚ್ಚಿನ ಶಿಸ್ತು ಆ ಮನುಷ್ಯ ಎಲ್ಲಿ ನೋಡಿದ್ದಾನೆ? ನನ್ನ ಟ್ರೈನಿಂಗ್ ಮುಂದಿನ ತಿಂಗಳ ಕೊನೆಗೆ ಮುಗಿಯುತ್ತದೆ. ಬಂದವಳೇ ಕುಲಪತಿಗಳ ಬಾಗಿಲು ಬಡಿಯುತ್ತೇನೆ.

ಸಮೃದ್ಧಿಗೆ ನನ್ನದೊಂದು ಶಾಭಾಷ್ ಹೇಳು. ನಿನ್ನ ನಂಬರ್ ಬಿಡುಗಡೆ ಮಾಡಿದ್ದೇನೆ. ಫೋನ್ ಮಾಡು, ನಗಬೇಕು.

ನಿನ್ನ
ಪ್ರಮಿಳಾ


ಸದಾಶಿವನಗರ, ಬೆಳಗಾವಿ
೩ ನವೆಂಬರ್ ೨೦೨೫

ಪ್ರಮಿಳಾ,

ನಿನ್ನ ಫೋನು ಬಂದಾಗಲೆಲ್ಲ ನಾನೇ ಎತ್ತಲಿಲ್ಲ. ಈಗ ಸಿಟ್ಟಿನ ಪಾಳಿ ನನ್ನದು. ಯಾರ ಮೇಲೆ ಅಂತ ನನಗೇ ಸರಿಯಾಗಿ ತಿಳಿದಿಲ್ಲ, ಬರೆಯುತ್ತ ಬರೆಯುತ್ತ ತಿಳಿದೀತು.

ನಿನ್ನ ಶಾಭಾಷ್ ಹೇಳಲು ಸಮೃದ್ಧಿ ಸಿಗಲಿಲ್ಲ. ಪಂದ್ಯದ ಮರುದಿನದಿಂದ ಅವಳು ಆಟಕ್ಕೆ ಬರಲಿಲ್ಲ. ಉದ್ಯಮಬಾಗದ ಹಿಂದಿನ ಖಾಲಿ ಜಾಗದಲ್ಲಿ ನಾವು ಆಡುತ್ತಿದ್ದೇವೆ, ಕಲ್ಲು ಆರಿಸಿ ಆರಿಸಿ ಬೆನ್ನು ಮುರಿದಿದೆ. ಎಲ್ಲರೂ ಬಂದರು, ಅವಳು ಬರಲಿಲ್ಲ. ಕಾಲೇಜಿನಲ್ಲಿ ಹಿಡಿದು ಕೇಳಿದರೆ, ಅಪ್ಪ ಬೇಡ ಅಂದಿದ್ದಾರೆ ಅಂದಳು. ಹೋದ ವಾರ ಮಚ್ಛೆಗೆ ಹೋದೆ.

ಲಕ್ಷ್ಮಣ ಕಾಕಾ ಕೂರಿಸಿದರು, ಚಹಾ ಕೊಡಿಸಿದರು. ಹುಡುಗರ ಜೊತೆ ಆಡುವುದರ ಬಗ್ಗೆ, ಸೋತದ್ದರ ಬಗ್ಗೆ ಏನಾದರೂ ಅನ್ನುತ್ತಾರೆ ಅಂತ ಉತ್ತರ ತಯಾರು ಮಾಡಿಕೊಂಡು ಹೋಗಿದ್ದೆ. ಅವರು ಅದನ್ನು ಎತ್ತಲೇ ಇಲ್ಲ. ಪೇಪರಿನಲ್ಲಿ ಫೋಟೋ ಬಂದ ದಿನ ಅವರು ಫ್ಯಾಕ್ಟರಿಯಿಂದ ನೇರ ಅಂಗಡಿಗೆ ಹೋಗಿ ಕುಂದಾ ತಂದು ಓಣಿಗೆಲ್ಲ ಹಂಚಿದ್ದರಂತೆ. ಮನೆ ಮನೆಗೆ ಸಮೃದ್ಧಿಯನ್ನೇ ಕಳಿಸಿ.

"ಗ್ರೌಂಡಿನ್ಯಾಗ ಸಾವಿರ ಮಂದಿ ಮುಂದ ನೆಲಾ ಮುಟ್ಟೇತಿ ಅಂತ ಹೇಳಿದಳು. ನನಗ ಎದಿ ತುಂಬಿ ಬಂತು ನೋಡವಾ. ನೀ ಮೈಕ್ ಹಿಡದ ಮ್ಯಾಲೆ ಗೊತ್ತಾತು, ಕುಂದಾ ಹಂಚೂ ಮುಂದನೂ ಅಕಿಗಿ ಗೊತ್ತಿತ್ತು. ಡಬ್ಬಿ ಹಿಡಕೊಂಡು ಮನಿ ಮನಿ ತಿರಗಿದಳು, ಬಾಯಿ ಬಿಡಲಿಲ್ಲ. ನಿಮ್ಮ ಖರೇ ಅನ್ನೂದು ಆಟದಾಗ ಅಷ್ಟ ಏನು?"

ಪ್ರಮಿಳಾ, ನಾನು ಕುಲಪತಿಗಳಿಗೆ ಉತ್ತರ ಕೊಟ್ಟೇನು, ಈ ಮನುಷ್ಯನಿಗೆ ಏನು ಕೊಡಲಿ? ಆ ಹುಡುಗಿಗೆ ಬಾಯಿ ಮುಚ್ಚಿಕೊಂಡಿರು ಅಂದವಳು ನಾನು. ಪರವಾನಗಿ ಬಂದಿದೆ, ಕೆಡಿಸಬೇಡ ಅಂದಿದ್ದೆ. ಅದನ್ನೇ ಅವರಿಗೆ ಹೇಳಿದೆ. "ಹಂಗಾರ ಇಬ್ಬರೂ ಹೋಗಿ ಹೇಳಿ ಬರ್ರಿ" ಅಂದರು. ಬೈದು ಹೇಳಲಿಲ್ಲ. ಮರೆತ ಸಾಮಾನು ತರಲು ಅಂಗಡಿಗೆ ಕಳಿಸುವ ಹಾಗೆ ಹೇಳಿದರು.

ಹೋದೆವು. ಕುಂದಾ ತಿಂದ ಮನೆಗಳಿಗೆಲ್ಲ ಹೋಗಿ, ನಾವು ಗೆದ್ದಿರಲಿಲ್ಲ, ಕಡೆಯವರಾಗಿ ಬಂದಿದ್ದೆವು ಅಂತ ಹೇಳಿದೆವು. ಮೈಕಿನಲ್ಲಿ ಹೇಳುವುದು ಇದರ ಮುಂದೆ ಏನೂ ಅಲ್ಲ. ಒಬ್ಬರು ಟಿವಿಯ ಮೇಲಿನ ಕಣ್ಣು ತೆಗೆಯದೆ ಹೂಂ ಅಂದರು. ಒಬ್ಬಾಕೆ ಸಮೃದ್ಧಿಯ ಅವ್ವನಿಗೆ ಕೇಳಿಸುವಂತೆ ಜೋರಾಗಿ ನಕ್ಕಳು. ಒಬ್ಬ ಮುದುಕರು, ಇದನ್ನು ಹೇಳಲು ಇಷ್ಟು ದಿನ ಬೇಕಾಯಿತೇ ಅಂತ ಚೆನ್ನಾಗಿ ಉಗಿದರು. ಸಮೃದ್ಧಿ ನನ್ನ ಕೈ ಬಿಡಲಿಲ್ಲ.

ಕೊನೆಯ ಮನೆ ಸಾವಂತ್ರವ್ವ ಅನ್ನುವ ಅಜ್ಜಿಯದು. ಅವತ್ತು ಅವರು ಸಮೃದ್ಧಿಗೆ ಉಡಿ ತುಂಬಿ ರವಿಕೆಯ ಖಣ ಕೊಟ್ಟಿದ್ದರಂತೆ. ಹೊಲಿಸದೆ ಹಾಗೇ ಇಟ್ಟಿದ್ದ ಆ ಖಣವನ್ನು ಸಮೃದ್ಧಿ ಅವರ ಮುಂದೆ ಇಟ್ಟು, ಗೆದ್ದಿರಲಿಲ್ಲ ಆಯಿ, ತಗೋರಿ ಅಂದಳು. ಅಜ್ಜಿಗೆ ಸಿಟ್ಟು ಬಂತು.

"ಗೆದ್ದಿ ಅಂತ ಯಾರ ಕೊಟ್ಟಾರ? ನಮ್ಮ ಓಣ್ಯಾಗಿನ ಹುಡುಗಿ ಚೊಣ್ಣ ಹಾಕ್ಕೊಂಡು ಗಂಡಸ್ರ ಸಂಗಾಟ ಓಡಿ ಬಂದಳಂತ ಕೊಟ್ಟಿದ್ದೆ. ಒಳಗಿಡು ಅದನ್ನ."

ಲಕ್ಷ್ಮಣ ಕಾಕಾ ನಮ್ಮ ಹಿಂದೆಯೇ ಬಂದು ಓಣಿಯಲ್ಲಿ ನಿಂತಿದ್ದರು. ಎಲ್ಲ ಕೇಳಿಸಿಕೊಂಡು ಮನೆಗೆ ಹೋದರು. ನಿನ್ನೆ ಸಂಜೆ ಬೈಕಿನಲ್ಲಿ ಮಗಳನ್ನು ತಂದು ಆಡುವ ಜಾಗದಲ್ಲಿ ಇಳಿಸಿ ಹೋದರು. ನನ್ನ ಕಡೆ ನೋಡಲಿಲ್ಲ. ನೋಡುವುದಕ್ಕೆ ಇನ್ನೂ ಕೆಲವು ದಿನ ಬೇಕು.

ನನಗೆ ಮಾತ್ರ ಅಜ್ಜಿಯ ಮಾತು ಮನಸ್ಸಿನಿಂದ ಇಳಿಯುತ್ತಿಲ್ಲ. ಸುಳ್ಳು ಇಲ್ಲದಿದ್ದರೆ ಆ ಹುಡುಗಿಯನ್ನು ಓಣಿಯಲ್ಲಿ ಯಾರೂ ಆಡಲು ಬಿಡುವುದಿಲ್ಲ ಅಂತ ನಾನೇ ತೀರ್ಮಾನ ಮಾಡಿದ್ದೆ. ಒಂದು ದಿನವೂ ಆ ಓಣಿಗೆ ಹೋಗಿ ಕೇಳಿರಲಿಲ್ಲ. ನೀನೂ ಕೇಳಿರಲಿಲ್ಲ, ಖಾನಾಪುರದಿಂದ ನನಗೆ ಬೈಯುವುದರಲ್ಲೇ ಇದ್ದೆ. ಸೋತು ಬಂದೆವು ಅಂತ ಮೊದಲ ದಿನವೇ ಹೇಳಿದ್ದರೂ ಅಜ್ಜಿ ಉಡಿ ತುಂಬುತ್ತಿದ್ದರು, ಪ್ರಮಿಳಾ. ನಾವು ಯಾರೂ ಹೇಳಲಿಲ್ಲ.

ಪೂರ್ಣಿಮಾ